ರಸ್ತೆ ಕಾಣದ ಕೋಣೆ

ಧ್ಯಾನಕ್ಕೆ ಒಂದು ಕೋಣೆ ಕಟ್ಟಿಸಿಕೊಡು ಅಂತ ನನ್ನನ್ನು ಕೇಳಿದವರು ನನ್ನ ಅತ್ತೆ. ಅದೂ ದೀಪಾವಳಿಯ ಮರುದಿನ, ಬಚ್ಚಲೊಲೆಯ ಬೂದಿ ಬಾಚುತ್ತಾ. ನನಗೆ ನಗು ಬರಬೇಕಿತ್ತು. ಎಪ್ಪತ್ತು ದಾಟಿದ ಆ ಹೆಂಗಸು ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿಲ್ಲ. ದೇವರ ಮುಂದೆ ಕೂತರೂ ಸ್ತೋತ್ರದ ಮಧ್ಯೆ ಒಲೆಯ ಮೇಲಿನ ಹಾಲು ನೋಡು ಅಂತ ಕೂಗುವವರು. ಆದರೆ ಆ ದಿನಗಳಲ್ಲಿ ನನಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಗಿರಾಕಿಗಳನ್ನು ಕೇಳುವ ಹಾಗೆ, "ಎಷ್ಟು ದೊಡ್ಡದು ಬೇಕು?" ಎಂದು ಕೇಳಿದೆ.

"ಒಬ್ರು ಕೂರುವಷ್ಟು. ಹೆಚ್ಚಂದ್ರೆ ಇಬ್ರು," ಅಂದರು. "ಕರೆಂಟು ಬೇಡ. ಫೋನ್ ಸಿಗಬಾರ್ದು, ಅದು ಹೇಗೂ ಇಲ್ಲಿ ಸಿಗಲ್ಲ ಬಿಡು. ಒಂದೇ ಮಾತು ನಂದು. ಅಲ್ಲಿ ಕೂತ್ರೆ ರಸ್ತೆ ಕಾಣಬಾರ್ದು."

ನಕ್ಷೆ ಬರೆಯುವುದೇ ನನ್ನ ಕೆಲಸ. ಮೂಡಿಗೆರೆಯಲ್ಲಿ ಔಷಧಿ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಸುತ್ತಲಿನ ತೋಟದವರಿಗೆ ಮನೆ, ಆಳುಗಳ ಲೈನ್ ಮನೆ, ಗೋಡೌನು ಅಂತ ಬರೆದುಕೊಡುತ್ತಾ ಬಂದವಳು ನಾನು. ಈಚೆಗೆ ಎಲ್ಲರಿಗೂ ಹೋಂಸ್ಟೇ ಬೇಕು. ಸಿಮೆಂಟಿನ ಕಂಬಕ್ಕೆ ಮರದ ತೊಗಟೆಯ ಬಣ್ಣ ಬಳಿದು, ಗೇಟಿಗೆ 'ಪರಿಸರಸ್ನೇಹಿ' ಎಂದು ಬೋರ್ಡು ಹಾಕುತ್ತಾರೆ. ಮೊದಲಾದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಒಬ್ಬರ ಎದುರಿಗೇ ನಕ್ಷೆ ಹರಿದು ಎದ್ದು ಬಂದದ್ದೂ ಉಂಟು. ಗಂಡ ಹೋದ ಮೇಲೆ ಆ ಸಿಟ್ಟೂ ಹೋಯಿತು. ಕೇಳಿದ್ದನ್ನು ಬರೆದುಕೊಟ್ಟು ಸಂಜೆ ಬಸ್ಸು ಹತ್ತುತ್ತಿದ್ದೆ.

ಅವರು ಹೋಗಿ ಆಗ ಎರಡು ವರ್ಷವಾಗಿತ್ತು. ಪಂಪಿನ ಸಾಮಾನು ತರಲು ಜೀಪಿನಲ್ಲಿ ಮೂಡಿಗೆರೆಗೆ ಹೋದವರು ಬಸ್‌ಸ್ಟ್ಯಾಂಡಿನ ಎದುರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು.

ನಮ್ಮ ಮನೆ ಇರುವುದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವಾಗ ಡಾಂಬರು ಬಿಟ್ಟು ಒಳಕ್ಕೆ, ಮಣ್ಣಿನ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಇನ್ನೂ ನಾಲ್ಕು ತೋಟದವರ ಜೀಪುಗಳು ಓಡಾಡುತ್ತವೆ. ಮನೆಗೆ ಹತ್ತಿರದ ತಿರುವಿನಲ್ಲಿ ಏರು ಜಾಸ್ತಿ, ಅಲ್ಲಿ ಯಾರೇ ಆಗಲಿ ಗೇರು ಇಳಿಸಲೇಬೇಕು. ಆ ಶಬ್ದ ಕೇಳಿದರೆ ಸಾಕು, ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದರು. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಏಳುತ್ತಿದ್ದರು. ಮಧ್ಯಾಹ್ನ ಅಡ್ಡಾಗುವುದನ್ನೇ ಬಿಟ್ಟಿದ್ದರು. ಜೀಪು ಮುಂದೆ ಹೋದ ಮೇಲೆ ವಾಪಸ್ಸು ಹೋಗುವರು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಎರಡು ವರ್ಷದಲ್ಲಿ ಆ ಹೆಂಗಸು ಅರ್ಧಕ್ಕೆ ಇಳಿದಿದ್ದರು.

"ನಂಗೇನು ಮರುಳಲ್ಲ ಮಾರಾಯ್ತಿ," ಅಂದರು ಅವತ್ತು, ಬೂದಿಯ ಬುಟ್ಟಿ ಕೆಳಗಿಟ್ಟು. "ಹೋದವ್ನು ಬರಲ್ಲ ಅಂತ ನಂಗೆ ಗೊತ್ತು. ಈ ಕುತ್ತಿಗೆಗೆ ಗೊತ್ತಿಲ್ಲ, ತಿರುಗುತ್ತೆ. ಕಿವಿಗೆ ಕೇಳಿದ್ರೆ ಅಡ್ಡಿಲ್ಲ. ಕಣ್ಣಿಗೆ ಕಾಣದ ಕಡೆ ಒಂದು ಗಳಿಗೆ ಕೂರ್ಬೇಕು ನಾನು. ಇಲ್ಲಾಂದ್ರೆ ಹೀಗೇ ಎದ್ದೂ ಕೂತೂ ಸಾಯ್ತೀನಿ."

ಅವರು ನನ್ನ ಜೊತೆ ಅಷ್ಟು ಉದ್ದ ಮಾತಾಡಿದ್ದು ಬಹಳ ದಿನದ ಮೇಲೆ. ಮಗನ ಹದಿಮೂರನೆಯ ದಿನ, ನೆಂಟರೆಲ್ಲ ಕೈ ತೊಳೆದು ಹೊರಡುವಾಗ, ಎಲ್ಲರ ಎದುರು ನನಗೆ ಹೇಳಿದ್ದರು: "ನನ್ನ ಮಗನಿಗೆ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀನು. ಕಲ್ಲು." ನಿಜವೇ. ಹೆಣ ಅಂಗಳಕ್ಕೆ ಬಂದಾಗ ನಾನು ಬಂದವರಿಗೆ ಚಾಪೆ ಹಾಸುತ್ತಿದ್ದೆ. ಅಳಬೇಕು ಅಂತ ಪ್ರಯತ್ನ ಮಾಡಿದ್ದೂ ಇದೆ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು. ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ದವಡೆ ಇರುತ್ತದಲ್ಲ, ಮುಟ್ಟಿದರೆ ಗೊತ್ತಾಗುತ್ತದೆ, ನೋಯುವುದಿಲ್ಲ, ನಾನು ಪೂರ್ತಿ ಹಾಗಿದ್ದೆ. ಕಲ್ಲು ಅಂದದ್ದಕ್ಕೂ ಬೇಜಾರಾಗಲಿಲ್ಲ. ಅಲ್ಲಿಂದ ಮುಂದೆ ನಮ್ಮಿಬ್ಬರ ಮಧ್ಯೆ ಉಪ್ಪು ಮುಗಿಯಿತು, ಗ್ಯಾಸು ಬಂತು ಅನ್ನುವಷ್ಟೇ ಮಾತು.

ಜಾಗ ನೋಡಲು ಮನೆಯ ಹಿಂದಿನ ದಿಣ್ಣೆ ಹತ್ತಿದೆ. ಕಾಫಿ ತೋಟದಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ, ಗಿಡಗಳಿಗೆ ಬಿಸಿಲು ಬಿಡುತ್ತಾರೆ. ಮರಗಸಿ ಅನ್ನುತ್ತೇವೆ ಅದಕ್ಕೆ. ನನ್ನ ಗಂಡ ಅದನ್ನು ಮಾತ್ರ ಮೇಸ್ತ್ರಿಗೆ ಬಿಡುತ್ತಿರಲಿಲ್ಲ, ತಾವೇ ಕೆಳಗೆ ನಿಂತು ಈ ಕೊಂಬೆ, ಆ ಕೊಂಬೆ ಅಂತ ಕೈ ತೋರಿಸುವರು. ಅವರು ಹೋದ ಮೇಲೆ ಮರಗಸಿಯೇ ಆಗಿರಲಿಲ್ಲ. ನಾನು ಮಾಡಿಸಲಿಲ್ಲ, ಅತ್ತೆ ಕೇಳಲಿಲ್ಲ. ದಿಣ್ಣೆಯ ಮೇಲೆ ಹಗಲಲ್ಲೇ ಕತ್ತಲು. ನಾಲ್ಕೂ ಕಡೆ ತಿರುಗಿ ನೋಡಿದೆ. ಎಲ್ಲ ಕಡೆ ಎಲೆ, ರಸ್ತೆ ಎಲ್ಲೂ ಇಲ್ಲ. ಇಲ್ಲೇ ಸರಿ ಅಂತ ನಾಲ್ಕು ಗೂಟ ಹೊಡೆದು ಇಳಿದೆ.

ಬಡಗಿ ಕೆಲಸಕ್ಕೆ ಕಳಸದ ಕಡೆಯ ಒಬ್ಬ ಆಚಾರ್ರನ್ನು ಕರೆಸಿದೆ. ನಮ್ಮ ಮನೆಯ ಬಾಗಿಲುಗಳನ್ನು ಮಾಡಿದವರು ಅವರೇ. ಮಾತಿಗಿಂತ ಗೊಣಗಾಟ ಜಾಸ್ತಿ, ಆದರೆ ಉಳಿ ಹಿಡಿದರೆ ಕೂದಲಷ್ಟು ಸಂದು ಬಿಡುವವರಲ್ಲ. ಕಾಡಿನ ಮರ ಒಂದೂ ಬೇಡ, ಹೊರಗಿನಿಂದ ತರುವುದು ಬೇಡ, ತೋಟದಲ್ಲಿ ಇರುವುದರಲ್ಲೇ ಆಗಬೇಕು ಅಂದೆ. ಕಂಬ ಮತ್ತು ತೊಲೆಗೆ ಬಿಚ್ಚಿದ ಕೊಟ್ಟಿಗೆಯ ಹಲಸು ಇತ್ತು. ಗೋಡೆಗೂ ನೆಲಕ್ಕೂ ಸಿಲ್ವರ್ ಓಕ್.

"ಸಿಲ್ವರ್ ಅಂದ್ರೆ ಪ್ಯಾಕಿಂಗ್ ಪೆಟ್ಟಿಗೆಗೆ ಅಂತಾರೆ ಅಮ್ಮಾ," ಅಂದರು ಆಚಾರ್ರು. "ಅದು ಅವಸರದವ್ರ ಮಾತು. ಕೃಷ್ಣಪಕ್ಷದಲ್ಲಿ ಕಡಿದು, ಕೆರೇಲಿ ಮುಳುಗ್ಸಿ, ಒಂದು ಮಳೆಗಾಲ ನೀರು ಕುಡ್ಸಿ, ಆಮೇಲೆ ನೆರಳಲ್ಲಿ ಒಣಗ್ಸಿದ್ರೆ ಕುಟ್ಟೆ ಹುಳ ಹಿಡಿಯಲ್ಲ, ಸೊಟ್ಟ ಆಗಲ್ಲ. ನಿಮಗೆ ಅವಸರ ಉಂಟಾ?"

"ನನಗೆ ಇಲ್ಲ," ಅಂದೆ. "ನಂಗೂ ಇಲ್ಲ ಬಿಡಿ," ಅಂದರು ಅತ್ತೆ, ಹಿಂದಿನಿಂದ. "ಅಷ್ಟರೊಳಗೆ ನಾನು ಹೋದ್ರೆ ಅದೇ ಸೌದೆ ನಂಗೆ ಆಗುತ್ತೆ." ಆಚಾರ್ರು ನಕ್ಕರು. ನಾನು ಟೇಪು ಮಡಚಿ ಒಳಗಿಟ್ಟೆ.

ನಾಲ್ಕು ಸಿಲ್ವರ್ ಮರ ಕಡಿಸಿ, ಸೀಳಿಸಿ, ಕೆಳಗಿನ ಕೆರೆಯಲ್ಲಿ ಕಲ್ಲು ಹೇರಿ ಮುಳುಗಿಸಿದೆವು. ಮಳೆಗಾಲ ಪೂರ್ತಿ ಅವು ಅಲ್ಲಿದ್ದವು, ಆಮೇಲೆ ನೆರಳಲ್ಲಿ ಒಣಗಿದವು. ಅಷ್ಟು ದಿನ ನಾನು ನಕ್ಷೆ ಬರೆದೆ. ಹತ್ತಡಿಗೆ ಎಂಟಡಿಯ ಒಂದು ಕೋಣೆಗೆ ಯಾರಾದರೂ ಏಳು ತಿಂಗಳು ನಕ್ಷೆ ಬರೆಯುತ್ತಾರಾ? ಬರೆದೆ. ಆರು ಕಲ್ಲಿನ ಮೇಲೆ ನೆಲದಿಂದ ಎರಡಡಿ ಎತ್ತರಕ್ಕೆ ಕೋಣೆ, ನೀರು ಅಡಿಯಲ್ಲೇ ಹರಿದುಹೋಗಲಿ, ಗೆದ್ದಲು ಹತ್ತಿದರೆ ಕಲ್ಲಿನ ಮೇಲೇ ಕಾಣಲಿ. ಸಿಮೆಂಟಿಲ್ಲ, ಗಾಜಿಲ್ಲ. ಮೊಳೆಯ ಬದಲು ಮರದ ಗೂಟ. ಮೇಲೆ ಕೊಟ್ಟಿಗೆಯದೇ ಹಳೇ ಹಂಚು. ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿದ ಸೂರು. ಪೂರ್ವಕ್ಕೆ ಬಾಗಿಲು. ಗಾಳಿ ಆಡಲಿ ಎಂದು ಬಾಗಿಲಿಗೆ ಎದುರಾಗಿ, ಪಶ್ಚಿಮದ ಗೋಡೆಯಲ್ಲಿ ಒಂದೇ ಕಿಟಕಿ. ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ.

ಸುಗ್ಗಿ ಮುಗಿದು, ಕಣದಲ್ಲಿ ಕಾಫಿ ಒಣಗಿ ಚೀಲಕ್ಕೆ ಹೋದ ಮೇಲೆ ಕೆಲಸ ಶುರುವಾಯಿತು. ಕಿಟಕಿಯ ಚೌಕಟ್ಟಿನ ಗುರುತು ನೋಡಿ ಆಚಾರ್ರು ಕೈ ನಿಲ್ಲಿಸಿದರು.

"ಪಶ್ಚಿಮಕ್ಕೆ ಎಂತಕ್ಕೆ ಅಮ್ಮಾ? ಮಳೆ ಹೊಡಿಯೋದೇ ಆ ಕಡೆಯಿಂದ. ಈ ಕಡೆ ಯಾರೂ ಪಶ್ಚಿಮಕ್ಕೆ ಕಿಟಕಿ ಬಿಡಲ್ಲ. ಉತ್ತರಕ್ಕೆ ಬಿಡಿ."

"ಗಾಳಿಗೆ," ಅಂದೆ.

"ಗಾಳಿ ಉತ್ತರಕ್ಕೂ ಉಂಟಲ್ಲ."

"ನಕ್ಷೆ ಬರೆಯೋಳು ನಾನೋ ನೀವೋ?" ಅಂದುಬಿಟ್ಟೆ. ಜೋರಾಗಿಯೇ ಅಂದೆ. ಅವರು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು. ಇಪ್ಪತ್ತು ವರ್ಷ ನಾನೇ ಗಿರಾಕಿಗಳಿಗೆ ಹೇಳುತ್ತಾ ಬಂದ ಮಾತು ಅದು, ಮಲೆನಾಡಿನಲ್ಲಿ ಪಶ್ಚಿಮಕ್ಕೆ ಕಿಟಕಿ ಇಟ್ಟವನ ಗೋಡೆ ಐದು ವರ್ಷ ಬಾಳುವುದಿಲ್ಲ ಅಂತ. ಆ ಮಾತು ಆಗ ನನಗೆ ನೆನಪೇ ಆಗಲಿಲ್ಲ. ಸಿಟ್ಟು ಮಾತ್ರ ಬಂತು, ಎಲ್ಲಿಂದ ಬಂತೋ. ಆಚಾರ್ರು ನಾನು ಹೇಳಿದಲ್ಲೇ ಕಿಟಕಿ ಇಟ್ಟರು, ಅದರ ಮೇಲೆ ಒಂದಡಿ ಜಾಸ್ತಿ ಸೂರು ತಾವೇ ಇಳಿಸಿದರು.

ಯುಗಾದಿಯ ಹೊತ್ತಿಗೆ ಕೋಣೆ ಎದ್ದಿತು. ಚೆನ್ನಾಗಿತ್ತು. ನನ್ನ ಕೈಯಿಂದ ಬಂದ ಅತ್ಯಂತ ಒಳ್ಳೆಯ ಕೆಲಸ ಅದು ಅಂತ ಈಗಲೂ ಹೇಳುತ್ತೇನೆ, ಆದರೆ ಆಗ ಅದನ್ನು ನೋಡಿ ಖುಷಿಯಾಗಲಿಲ್ಲ. ಹಲಗೆಗೆ ಕೈ ಇಟ್ಟೆ, ನುಣ್ಣಗಿದೆ ಅಂದುಕೊಂಡೆ, ಅಷ್ಟೇ. ತೊಂದರೆ ಕಂಡದ್ದು ಎರಡು ವಾರದ ಮೇಲೆ. ಒಳಗೋಡೆಯ ಮೂಲೆಯಲ್ಲಿ ಬಿಳಿ ಬೂಷ್ಟು. ಬೇಸಿಗೆಯಲ್ಲೇ ಹೀಗಾದರೆ ಮಳೆಗಾಲದಲ್ಲಿ ಆ ಕೋಣೆಯ ಗತಿ ಏನು? ಬಿಸಿಲು ಬೀಳದೆ ಮರ ಉಳಿಯುವುದಿಲ್ಲ. ಮರಗಸಿ ಮಾಡಿಸಲೇಬೇಕಾಯಿತು.

ಮೇಸ್ತ್ರಿಗೆ ಹೇಳಿ ಆಳುಗಳನ್ನು ಹತ್ತಿಸಿದೆ. ಗಂಡ ನಿಲ್ಲುತ್ತಿದ್ದ ಹಾಗೆ ಕೆಳಗೆ ನಿಂತು ನಾನೇ ಕೈ ತೋರಿಸಿದೆ. ಬಾಗಿಲಿನ ಕಡೆ ಸ್ವಲ್ಪ, ಉತ್ತರಕ್ಕೆ ಸ್ವಲ್ಪ. "ಪಶ್ಚಿಮಕ್ಕೆ ಸಾಕಾ?" ಅಂತ ಮೇಲಿನಿಂದ ಕೇಳಿದರು. "ಇನ್ನೂ ತೆಗೀರಿ," ಅಂದೆ. ಗೋಡೆಗೆ ಸಂಜೆಯ ಬಿಸಿಲು ಬೀಳಲಿ ಅಂತ ನನ್ನ ತಲೆಯಲ್ಲಿದ್ದದ್ದು. ಕೊಂಬೆಗಳು ಬಿದ್ದವು. ಕತ್ತಲಾಯಿತು, ಹೆಚ್ಚು ನೋಡದೆ ಇಳಿದುಬಂದೆ.

ಮಾರನೆಯ ಬೆಳಿಗ್ಗೆ ಅತ್ತೆ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ದಿಣ್ಣೆ ಹತ್ತಿದರು. ಅವರಿಗಾಗಿ ಕೋಣೆಗೆ ಹೋಗುವ ದಾರಿಯಲ್ಲಿ ಮೆಟ್ಟಿಲು ಕಡಿಸಿದ್ದೆ. "ನನ್ನ ಕರೀಬೇಡ, ಯಾರು ಬಂದ್ರೂ ಇಲ್ಲ ಅನ್ನು," ಅಂತ ಹೇಳಿ ಹೋದರು. ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಅರ್ಧ ಗಂಟೆ ಆಗಿರಬಹುದು. ತಿರುವಿನಲ್ಲಿ ಯಾರದೋ ಜೀಪು ಗೇರು ಇಳಿಸಿತು. ಆಮೇಲೆ ದಿಣ್ಣೆಯಿಂದ ಅತ್ತೆಯ ಕೂಗು ಬಂತು, "ಬಾ ಇಲ್ಲಿ."

ಹೋದೆ. ಅವರು ಗೋಡೆಗೆ ಒರಗಿ ನಿಂತಿದ್ದರು. "ಕೂತ್ಕೋ," ಅಂದರು, ಚಾಪೆ ತೋರಿಸಿ. "ನಾನು ಕೂತಲ್ಲೇ ಕೂತ್ಕೋ."

ಕೂತೆ.

"ಎಂತ ಕಾಣುತ್ತೆ?"

ಸವರಿದ ಎರಡು ಮರಗಳ ನಡುವೆ ಕೆಂಪು ತಿರುವು ಪೂರ್ತಿ ಕಾಣುತ್ತಿತ್ತು. ಕಿಟಕಿಯ ಚೌಕಟ್ಟಿನ ಸರಿಮಧ್ಯಕ್ಕೆ. ಟೇಪು ಹಿಡಿದು ಅಳೆದು ಇಟ್ಟಿದ್ದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ. ಜೀಪು ಎಬ್ಬಿಸಿದ ಧೂಳು ಇನ್ನೂ ಇಳಿದಿರಲಿಲ್ಲ.

"ರಸ್ತೆ," ಅಂದೆ.

"ನಾನು ನಿನ್ನ ಹತ್ರ ಕೇಳಿದ್ದು ಒಂದೇ ಮಾತು."

"ಬರೆಯುವಾಗ ಕಾಣ್ತಿರ್ಲಿಲ್ಲ ಅತ್ತೆ. ಮರಗಸಿ ಆದ ಮೇಲೆ…"

"ಮರಗಸಿ ಆದ್ರೆ ಇಲ್ಲಿಂದ ತಿರುವು ಕಾಣುತ್ತೆ ಅಂತ ನಿಂಗೆ ಗೊತ್ತಿಲ್ವಾ? ಇಪ್ಪತ್ತು ವರ್ಷದ ಮೇಲಾಯ್ತು ಈ ತೋಟಕ್ಕೆ ಬಂದು. ನಂಗೆ ಗೊತ್ತಿಲ್ಲಾಂದ್ರೆ ಸೈ, ಮಂಡಿ ನೋವು, ಇಲ್ಲಿಗೆ ಹತ್ತೋಳಲ್ಲ ನಾನು. ನೀನು ದಿನಾ ಇಲ್ಲಿ ತಿರುಗ್ತಿದ್ದೋಳು." ಆಮೇಲೆ ಕೇಳಿದರು, "ಬೇಕಂತ ಮಾಡಿದ್ಯಾ? ನಾನು ಅವತ್ತು ಕಲ್ಲು ಅಂದಿದ್ದಕ್ಕಾ?"

ಅಲ್ಲ ಅಂದೆ. ಬೇಕಂತ ಮಾಡಲಿಲ್ಲ. ಆದರೆ ಗೊತ್ತಿರಲಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಗೊತ್ತಿತ್ತು. ಪ್ರತಿ ವರ್ಷ ಮರಗಸಿಯ ನಂತರ ಈ ದಿಣ್ಣೆಯ ಮೇಲೆ ಕಾಫಿ ಗಿಡದ ಬುಡ ನೋಡುವ ನೆಪದಲ್ಲಿ ನಿಂತು, ಗಂಡನ ಜೀಪು ತಿರುವಿಗೆ ಬಂದದ್ದು ಕಂಡ ಕೂಡಲೇ ಇಳಿದು ಓಡುತ್ತಿದ್ದವಳು ನಾನೇ. ಪಶ್ಚಿಮಕ್ಕೆ ಕಿಟಕಿ ಬರೆದ ಕೈಗೆ ಅದೆಲ್ಲ ಗೊತ್ತಿತ್ತು. ಏಳು ತಿಂಗಳು ನಾನು ಬರೆದದ್ದು ಆ ಕಿಟಕಿಯನ್ನೇ.

ಕೂತಲ್ಲಿಂದ ಏಳಲಿಲ್ಲ. ಆವರೆಗೆ ಯಾರಿಗೂ ಹೇಳದ ಒಂದು ವಿಷಯ ಅತ್ತೆಗೆ ಹೇಳಿದೆ. ಗಂಡ ಸತ್ತ ದಿನ ಅತ್ತೆ ಕಳಸದ ದೇವಸ್ಥಾನಕ್ಕೆ ಹೋಗಿದ್ದರು. ನಾನು ಕೆಲಸಕ್ಕೆ ಹೋಗಿರಲಿಲ್ಲ, ಮನೆಯಲ್ಲಿ ನಾನೊಬ್ಬಳೇ. ನಮ್ಮ ಮನೆಯಲ್ಲಿ ತಿರುವಿನ ಗೇರಿನ ಶಬ್ದ ಕೇಳಿದ ಕೂಡಲೇ ಕಾಫಿಗೆ ಇಡುವುದು, ಜೀಪು ಅಂಗಳಕ್ಕೆ ಬರುವಾಗ ಲೋಟ ಕೈಗೆ ಕೊಡುವುದು. ಅವತ್ತು ನಾಲ್ಕು ಗಂಟೆಗೆ ನಮ್ಮದೇ ಜೀಪು ತಿರುವಿಗೆ ಬಂತು. ಕಾಫಿಗಿಟ್ಟೆ. ಸೋಸಿ, ಸಕ್ಕರೆ ಹಾಕಿ ಜಗಲಿಗೆ ತಂದೆ. ಜೀಪಿನಿಂದ ಇಳಿದವನು ನಮ್ಮ ರೈಟರು, ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು, ಪೇಟೆಗೆ ಅವರ ಜೊತೆ ಹೋಗಿದ್ದವನು. "ಅವರೆಲ್ಲಿ?" ಅಂದೆ. ಅವನು ಜೀಪಿನ ಬಾಗಿಲು ಹಿಡಿದೇ ನಿಂತ. ಸುಸ್ತಾಗಿರಬೇಕು ಅಂತ ಲೋಟ ಅವನ ಕೈಗೇ ಕೊಟ್ಟೆ. ಅವನು ನಿಂತಲ್ಲೇ ಕುಡಿದ. ಬಿಸಿ ಬಿಸಿ ಕಾಫಿಯನ್ನು ಒಂದು ಗುಟುಕೂ ಬಿಡದೆ ಕುಡಿದ. ಆಮೇಲೆ ಹೇಳಿದ.

"ಅವನು ಕುಡಿದು ಮುಗಿಸೋ ತನಕ ಅವರು ಇದ್ರು ಅತ್ತೆ, ನನ್ನ ಮಟ್ಟಿಗೆ," ಅಂದೆ. "ಆಮೇಲೆ ನನಗೆ ಎಂತದೂ ಗೊತ್ತಾಗ್ತಾ ಇಲ್ಲ."

ಅತ್ತೆ ನನ್ನ ಎದುರು ನೆಲಕ್ಕೆ ಕೂತರು. ಮಂಡಿ ನೋವಿನಿಂದ ಅವರಿಗೆ ಕೂರುವುದಕ್ಕೇ ಹೊತ್ತು ಬೇಕು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ನಾನು ಕೇಳ್ಬೇಕಿತ್ತು," ಅಂದರು. ಅವರ ಕಣ್ಣಲ್ಲಿ ನೀರು ಬಂತು, ಅವರಿಗೆ ಬೇಗ ಬರುತ್ತದೆ. ನನಗೆ ಬರಲಿಲ್ಲ. "ಒಬ್ಳೇ ಕಾಯ್ತಿದ್ದೀನಿ ಅಂದ್ಕೊಂಡಿದ್ದೆ ನಾನು. ಇವಳಿಗೆ ಎಂತದೂ ಇಲ್ಲ ಅಂತ ಹೊಟ್ಟೆ ಉರಿತಿತ್ತು."

ಆಚಾರ್ರಿಗೆ ಹೇಳಿಕಳಿಸಿದೆ. ಮಾರನೆಯ ದಿನವೇ ಬಂದರು. ಕಿಟಕಿ ಮುಚ್ಚಿ, ಉತ್ತರಕ್ಕೆ ಹೊಸದೊಂದು ಕೊಯ್ಯಬೇಕು ಅಂದೆ. "ನಾನು ಅವತ್ತೇ ಹೇಳಿದ್ದೆ," ಅಂತ ಗೊಣಗುತ್ತಾ ಉಳಿದಿದ್ದ ಸಿಲ್ವರ್ ಹಲಗೆಗಳನ್ನು ಅಳತೆಗೆ ಕೊಯ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೊದಲನೆಯ ಹಲಗೆಯನ್ನು ಆಚಾರ್ರು ಚೌಕಟ್ಟಿನ ಅಡಿಗೆ ಇಟ್ಟರು. ರಸ್ತೆಯ ಅಂಚು ಹೋಯಿತು. ಎರಡನೆಯದನ್ನು ಅದರ ಮೇಲೆ ಎತ್ತಿ ಇಡಲು ಹೋದರು. ತಿರುವಿಗೆ ಹತ್ತುವ ಏರು ಹೋಯಿತು.

"ಬೇಡ," ಅಂದೆ.

ಆಚಾರ್ರ ಕೈ ನಿಂತಿತು. ನೋಡಿದರೆ ನನ್ನ ಎರಡೂ ಕೈ ಆ ಹಲಗೆಯನ್ನು ಹಿಡಿದುಕೊಂಡಿದ್ದವು. ಅವರು ತಳ್ಳುತ್ತಿದ್ದರು, ನಾನು ಎಳೆಯುತ್ತಿದ್ದೆ. ಮೂರೂವರೆ ವರ್ಷದಲ್ಲಿ ನನಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು. ಅದೂ ಎಂಥದ್ದು, ಅತ್ತೆಯ ಜೀವ ತಿನ್ನುತ್ತಿದ್ದ ಅದೇ ರಸ್ತೆ. ಅವರಿಗಾಗಿ ಕಟ್ಟಿದ ಕೋಣೆಯಲ್ಲಿ ಅವರ ಎದುರಿಗೇ ನಾನು ಹೀಗೆ ನಿಂತದ್ದಕ್ಕೆ ನಾಚಿಕೆಯಾಯಿತು. ಆದರೂ ಹಲಗೆ ಬಿಡಲು ಆಗಲಿಲ್ಲ.

"ಎಂತ ಮಾಡ್ಬೇಕು ಹೇಳಿ ಅಮ್ಮಾ," ಅಂದರು ಆಚಾರ್ರು. "ಮುಚ್ಚೋದೋ, ಬಿಡೋದೋ."

"ನೀವು ಮನೆಗೆ ಹೋಗಿ ಕಾಫಿ ಕುಡಿರಿ ಆಚಾರ್ರೇ, ಫ್ಲಾಸ್ಕಲ್ಲಿ ಉಂಟು," ಅಂದರು ಅತ್ತೆ. ಆಚಾರ್ರು ಇಬ್ಬರ ಮುಖವನ್ನೂ ನೋಡಿ, ಉಳಿ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದರು.

ಅತ್ತೆ ಒಳಗೆ ಬಂದು ನನ್ನ ಕೈಯಿಂದ ಹಲಗೆ ಬಿಡಿಸಿ ಗೋಡೆಗೆ ಒರಗಿಸಿದರು. ಅಡಿಯಲ್ಲಿದ್ದದ್ದನ್ನೂ ತೆಗೆದರು. ಮತ್ತೆ ರಸ್ತೆ ಪೂರ್ತಿ ಬಂತು. ಅವರು ತಮ್ಮ ಚಾಪೆಯನ್ನು ಎಳೆದು ತಿರುಗಿಸಿ ಹಾಸಿದರು. ಬೆನ್ನು ಕಿಟಕಿಗೆ, ಮುಖ ಬಾಗಿಲಿಗೆ. ನನ್ನನ್ನು ಅವರ ಪಕ್ಕಕ್ಕೆ, ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದರು.

"ನೀವು ಹೇಗೆ ಕೂರ್ತೀರಿ ಅತ್ತೆ," ಅಂದೆ. "ಜೀಪಿನ ಶಬ್ದ ಬಂದ್ರೆ ತಿರುಗ್ತೀರಿ."

"ಎಂತಕ್ಕೆ ತಿರುಗ್ಲಿ? ನೀನು ನೋಡ್ತಾ ಇರ್ತೀಯಲ್ಲ." ಕಾಲು ನೀಡಿ, ಸೆರಗು ಸರಿ ಮಾಡಿಕೊಂಡು, ಕಣ್ಣು ಮುಚ್ಚಿದರು. "ಬಂದ್ರೆ ಹೇಳು."

"ಹೇಳ್ತೀನಿ ಅತ್ತೆ," ಅಂದೆ.